ಕೊನೆಯ ಸಾಲಿನ ಖಾಲಿ ಜಾಗ

ಹೋದ ತಿಂಗಳು ಹೊಲದ ಪಹಣಿ ತೆಗೆಸಲು ಜೇವರ್ಗಿಯ ಬಸ್ ನಿಲ್ದಾಣದ ಎದುರಿಗಿರುವ ಆನ್‌ಲೈನ್ ಸೆಂಟರಿಗೆ ಹೋಗಿದ್ದೆ. ಅಂಗಡಿ ನಡೆಸುವ ಸುಮಂಗಲಾ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಅವಳ ಲ್ಯಾಪ್‌ಟಾಪು ಅಂಚೆಲ್ಲ ಸವೆದ ಹಳೆಯ ಸಣ್ಣ ಮಾಲು, ಅದರಲ್ಲಿ ಓಡುತ್ತಿದ್ದದ್ದು ಲಿನಕ್ಸು. ನನ್ನ ಸರ್ವೆ ನಂಬರ್ ಹೊಡೆದಳೋ ಇಲ್ಲವೋ, ಬ್ರೌಸರ್ ತಟ್ಟನೆ ಮುಚ್ಚಿಹೋಯಿತು. ಎರಡನೆಯ ಸಲವೂ ಅದೇ ಕಥೆ.

“ಅಯ್ಯ, ಸತ್ತೇ ಹೋತಲ್ರಿ ಅಕ್ಕಾ. ಕಂಡಕಂಡ ಎಕ್ಸ್‌ಟೆನ್ಶನ್ ತುಂಬೀನಿ, ಅದಕ್ಕ ತಡಕೊಳ್ಳಾಕ ಆಗವಲ್ದು,” ಎಂದವಳೇ ಒಂದು ಪಟ್ಟಿ ತೆಗೆದು ಎಲ್ಲವನ್ನೂ ಟಕಟಕನೆ ಬಂದ್ ಮಾಡಿದಳು. ಒಂದು ನಿಮಿಷ. ಪುಟ ತೆರೆದುಕೊಂಡಿತು. ಅವಳ ಪಾಲಿಗೆ ಅದೊಂದು ದಿನನಿತ್ಯದ ಕೆಲಸ. ನಾನು ಮಾತ್ರ ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟೆ. ಅದೇ ಒಂದು ನಿಮಿಷದ ಕೆಲಸವನ್ನು ತೊಂಬತ್ತೊಂಬತ್ತರ ದಸರಾದಲ್ಲಿ ನಾನು ಮೂರು ದಿನ ಮುಂದೂಡಿದ್ದೆ.

ಆಗ ನಾನು ಆಳಂದದಲ್ಲಿದ್ದೆ. ಸಿದ್ರಾಮಪ್ಪ ಮಾಸ್ತರರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದೆ. ಹನ್ನೆರಡು ಟೈಪ್‌ರೈಟರು, ಒಂದು ಕಂಪ್ಯೂಟರು. ಆ ಕಂಪ್ಯೂಟರು ಯಾವುದೋ ಆಫೀಸಿನಿಂದ ಕೈದಾಟಿ ಬಂದದ್ದು, ಹುಟ್ಟಿನಿಂದಲೇ ಅಶಕ್ತ. ಗುಲಬರ್ಗಾದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮಾಸ್ತರರ ಅಳಿಯ ಬಸವರಾಜ ಒಂದು ರಜೆಯಲ್ಲಿ ಬಂದು, ಪತ್ರಿಕೆಯೊಂದರ ಜೊತೆ ಸಿಕ್ಕ ಸೀಡಿಯಿಂದ ಅದಕ್ಕೆ ಲಿನಕ್ಸ್ ಹಾಕಿದ. “ಇದಕ್ಕ ಇದೊಂದೇ ಹಗುರ ಆಗೂದು” ಎಂದ. ಮೋಡೆಮ್ ಹಚ್ಚಿ, ಗುಲಬರ್ಗಾದ ನಂಬರಿಗೆ ಫೋನ್ ತಾಗಿಸಿ, ಇಂಟರ್‌ನೆಟ್ ತೋರಿಸಿದ. ನಲವತ್ತು ಪುಟದ ನೋಟುಬುಕ್ಕಿನಲ್ಲಿ ನಾಲ್ಕು ಪುಟ ಬರೆದಿಟ್ಟು ಕಾಲೇಜಿಗೆ ಹೋದ. ಆ ನಾಲ್ಕು ಪುಟವೇ ನನ್ನ ಗುರು, ನನ್ನ ವಿದ್ಯೆ, ಎಲ್ಲ.

ನನಗಾಗ ಇಪ್ಪತ್ಮೂರು. ಇಡೀ ಆಳಂದದಲ್ಲಿ ಇಂಟರ್‌ನೆಟ್ ಬಲ್ಲ ಹೆಣ್ಣುಮಗಳು ನಾನೊಬ್ಬಳೇ ಎಂಬ ಗತ್ತು ಬೇರೆ. ಈಗಿನ ಎಕ್ಸ್‌ಟೆನ್ಶನ್ನುಗಳ ಹಾಗೆ ಆಗ ಬ್ರೌಸರಿಗೆ ಪ್ಲಗಿನ್ ಎಂಬ ಸಣ್ಣ ಸಣ್ಣ ತುಣುಕುಗಳನ್ನು ಜೋಡಿಸಬಹುದಿತ್ತು. ಒಂದು ಚಿತ್ರ ಓಡಿಸಲಿಕ್ಕೆ, ಒಂದು ಹಾಡು ನುಡಿಸಲಿಕ್ಕೆ, ಹೀಗೆ. ಸೀಡಿಯಲ್ಲಿ ಕಂಡದ್ದನ್ನೆಲ್ಲ ನಾನು ಅದಕ್ಕೆ ತುಂಬಿದೆ. ಹನ್ನೊಂದು ಆದವು. ಮದುವೆಮನೆಯ ಹೆಣ್ಣಿಗೆ ಒಡವೆ ಹೇರಿದ ಹಾಗೆ ಹೇರಿ ನೋಡಿ ಖುಷಿಪಟ್ಟೆ. ಹಾಡು ನುಡಿಸುವ ಪ್ಲಗಿನ್ನನ್ನೂ ಹಾಕಿದ್ದೆ. ಆ ಮಷಿನ್ನಿಗೆ ಸ್ಪೀಕರು ಇರಲಿಲ್ಲ, ದನಿ ಹೊರಡಿಸುವ ಕಾರ್ಡೇ ಇರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಶಕೀಲಾ ಟೀಚರ್ ಪರಿಚಯವಾದದ್ದು ಆ ಮಳೆಗಾಲದಲ್ಲಿ. ಭೂಸನೂರಿನವರು, ತಾಯಿಯೊಂದಿಗೆ ಇದ್ದರು. ದಿನಾ ಬಸ್ಸಿನಲ್ಲಿ ಆಳಂದಕ್ಕೆ ಬಂದು ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳಿ, ಸಂಜೆ ಬಸ್ ಬರುವತನಕ ನಮ್ಮಲ್ಲಿ ಕನ್ನಡ ಟೈಪಿಂಗ್ ಕಲಿಯುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರಾದರೂ, ಕಲಿಸುವವಳೆಂದು ನನ್ನನ್ನೇ ಅಕ್ಕಾ ಎನ್ನುತ್ತಿದ್ದರು. ಮೆತ್ತಗಿನ ಮಾತು, ನೀಟಾದ ಬೆರಳು. ಸರ್ಕಾರಿ ಶಿಕ್ಷಕರ ಪರೀಕ್ಷೆ ಬರೆದಿದ್ದರು. ವಯಸ್ಸಿನ ಮಿತಿ ದಾಟುವ ಮೊದಲಿನ ಕಡೆಯ ಅವಕಾಶ ಅದು. ಮೊದಲ ಪಟ್ಟಿಯಲ್ಲಿ ಹೆಸರು ಬಂದಿರಲಿಲ್ಲ.

ದಸರಾ ರಜೆಯ ಶುಕ್ರವಾರ ಅವರು ಪೇಪರ್ ಹಿಡಿದುಕೊಂಡು ಓಡಿ ಬಂದರು. ಎರಡನೆಯ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಹಾಕಿದ್ದಾರೆ, ಹೆಸರಿದ್ದವರು ಬುಧವಾರ ಸಂಜೆ ಐದರೊಳಗೆ ಮೂಲ ಸರ್ಟಿಫಿಕೇಟುಗಳೊಂದಿಗೆ ಗುಲಬರ್ಗಾದ ಆಫೀಸಿನಲ್ಲಿ ಹಾಜರಾಗಬೇಕು, ಯಾರಿಗೂ ಬೇರೆ ಪತ್ರ ಕಳಿಸುವುದಿಲ್ಲ ಎಂದು ಸಣ್ಣ ಅಕ್ಷರದಲ್ಲಿತ್ತು.

“ಹಂಗಾದ್ರ ಬುಧವಾರ ಸರ್ಟಿಫಿಕೇಟ್ ತಗೊಂಡು ಸೀದಾ ಹೋಗಿಬಿಡ್ರಿ ಟೀಚರ್. ಹೆಸರಿದ್ರ ಇರ್ತದ, ಇಲ್ಲಾಂದ್ರ ಇಲ್ಲ,” ಎಂದೆ.

ಅವರು ತಲೆ ತಗ್ಗಿಸಿದರು. “ಸರ್ಟಿಫಿಕೇಟ್ ನನ್ನ ಹಂತೇಕ ಇಲ್ರಿ ಅಕ್ಕಾ. ಸಾಲಿ ಅಧ್ಯಕ್ಷರು ಇಟ್ಟುಕೊಂಡಾರ. ನಡೂ ವರ್ಷದಾಗ ಯಾರೂ ಬಿಟ್ಟು ಹೋಗಬಾರದಂತ ಎಲ್ಲರವೂ ಅವರ ತಿಜೋರಿನ್ಯಾಗ ಅವ. ಬೇಕಾದ್ರ ರಾಜೀನಾಮೆ ಬರದು ಕೊಡಬೇಕು. ಹೆಸರು ಅದನೋ ಇಲ್ಲೋ ಖಾತ್ರಿ ಆಗಲಾರದ ಹ್ಯಾಂಗ್ ಬರೀಲಿ? ಅಮ್ಮೀನ ನೋಡವರು ನಾ ಒಬ್ಬಾಕಿನೇ ಇದ್ದೀನ್ರಿ.”

ಅಂದರೆ ಎಲ್ಲವೂ ಆ ಒಂದು ಪುಟದ ಮೇಲೆ ನಿಂತಿತ್ತು. ಗುಲಬರ್ಗಾಕ್ಕೆ ಹೋಗಿ ಅಲ್ಲಿನ ಇಂಟರ್‌ನೆಟ್ ಅಂಗಡಿಯಲ್ಲಿ ನೋಡಿಕೊಂಡು ಬರಲೇ ಎಂದು ಅವರೇ ಕೇಳಿದರು. ನಾನು ಬಿಡಬೇಕಲ್ಲ! “ಗುಲಬರ್ಗಾಕ್ಕ ಯಾಕ್ರಿ? ನಮ್ಮ ಮಷಿನ್ ಇಲ್ಲೇ ಅದಲ್ಲ,” ಎಂದುಬಿಟ್ಟೆ. ಈ ಮಾತನ್ನು ಆಮೇಲೆ ಎಷ್ಟು ಸಲ ನುಂಗಿಕೊಳ್ಳಲು ನೋಡಿದ್ದೇನೋ ಲೆಕ್ಕವಿಲ್ಲ.

ಶುಕ್ರವಾರ ಮಧ್ಯಾಹ್ನದಿಂದ ಹಿಂಗಾರಿ ಮಳೆ ಹಿಡಿದಿತ್ತು. ಮಳೆ ಬಂದರೆ ಫೋನಿನ ತಂತಿ ಗುಂಯ್ ಎನ್ನುತ್ತಿತ್ತು. ಹತ್ತು ಸಲ ತಿರುಗಿಸಿದರೆ ಒಂದು ಸಲ ತಾಗುತ್ತಿತ್ತು. ತಾಗಿ, ಪುಟದ ವಿಳಾಸ ಹೊಡೆದು ಕಾಯುತ್ತ ಕುಳಿತರೆ, ಮೇಲಿನ ಪಟ್ಟಿಯಷ್ಟೇ ಮೂಡಿ, ಒಳಗೆ ಡಿಸ್ಕು ಗರಗರ ತಿರುಗಿ, ಬ್ರೌಸರು ಹೇಳದೆ ಕೇಳದೆ ಮಾಯವಾಗುತ್ತಿತ್ತು. ಹಿಂದಿನ ಕಪ್ಪು ತೆರೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲಿನ ದೂರು ಉಳಿಯುತ್ತಿತ್ತು. ಮತ್ತೆ ತೆರೆಯಹೋದರೆ, ಆಗಲೇ ಒಂದು ಬ್ರೌಸರ್ ನಡೆಯುತ್ತಿದೆ ಎಂದು ತಕರಾರು. ಸತ್ತದ್ದು ತಾನು ಸತ್ತಿಲ್ಲ ಎನ್ನುತ್ತಿತ್ತು. ಅದು ಬಿಟ್ಟುಹೋದ ಬೀಗದ ಫೈಲನ್ನು ಅಳಿಸಿ, ಮತ್ತೆ ಫೋನ್ ತಿರುಗಿಸಿ, ಮತ್ತೆ ಮೊದಲಿನಿಂದ. ಒಂದು ಸುತ್ತಿಗೆ ಮುಕ್ಕಾಲು ತಾಸು. ಶನಿವಾರವೂ ಇದೇ, ಭಾನುವಾರವೂ ಇದೇ. ಚಿತ್ರಗಳನ್ನು ನಿಲ್ಲಿಸಿ ನೋಡಿದೆ, ಕಿಟಕಿ ಸಣ್ಣದು ಮಾಡಿ ನೋಡಿದೆ, ಮಷಿನ್ ಬಿಸಿಯಾಗಿರಬೇಕೆಂದು ರಟ್ಟಿನಿಂದ ಗಾಳಿಯನ್ನೂ ಹಾಕಿದೆ. ಶಕೀಲಾ ಟೀಚರ್ ಪಕ್ಕದ ಬೆಂಚಿನ ಮೇಲೆ ಕೈ ಜೋಡಿಸಿಕೊಂಡು ಕುಳಿತಿರುತ್ತಿದ್ದರು. ಒಂದು ದಿನವೂ ಬೇಸರದ ಮಾತಾಡಲಿಲ್ಲ. ಅದೇ ನನಗೆ ಹೆಚ್ಚು ಸಂಕಟ.

ಬಸವರಾಜನ ನೋಟುಬುಕ್ಕಿನ ಮೂರನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ‘ಬ್ರೌಸರ್ ಮೇಲಿಂದ ಮೇಲೆ ಸತ್ತರೆ ಪ್ಲಗಿನ್ ಎಲ್ಲ ತೆಗೆದು ಬೇರೆ ಕಡೆ ಇಡು. ಆಮೇಲೆ ಒಂದೊಂದೇ ಹಾಕಿ ನೋಡು. ಯಾವುದು ಹಾಕಿದಾಗ ಸಾಯುತ್ತದೋ ಅದೇ ಕಳ್ಳ.’ ಇದನ್ನು ಶುಕ್ರವಾರವೇ ಓದಿದ್ದೆ. ಮಾಡಲಿಲ್ಲ. ಕೂಡಿಸಿದ್ದನ್ನೆಲ್ಲ ಬಿಚ್ಚಿದರೆ ಮತ್ತೆ ಜೋಡಿಸಲು ಬರದಿದ್ದರೆ ಎಂಬ ಹೆದರಿಕೆ, ನನ್ನ ಹನ್ನೊಂದರಲ್ಲಿ ಒಂದು ಕಳ್ಳ ಇರಲಿಕ್ಕಿಲ್ಲ ಎಂಬ ಹಟ. ಭಾನುವಾರ ಸಂಜೆ ಕಣ್ಣು ಉರಿಯತೊಡಗಿದಾಗ ಸೋತು, “ನಾಳೆ ಇದನ್ನೇ ಮಾಡ್ತೀನ್ರಿ ಟೀಚರ್, ನಾಳೆ ಆಗೇ ಆಗ್ತದ,” ಎಂದೆ.

ಮೂಲೆಯಲ್ಲಿ ಟೈಪ್‌ರೈಟರಿಗೆ ಎಣ್ಣೆ ಬಿಡುತ್ತಿದ್ದ ಮಾಸ್ತರರು ತಲೆಯೆತ್ತಿದರು. “ನಾಳೆ ಖಂಡೆ ಪೂಜಿ ಅದಲ್ಲವಾ ಮಹಾನಂದಾ?”

ಸೋಮವಾರ, ಮಂಗಳವಾರ ಎಂದು ಬೆರಳು ಮಡಚಿ ಎಣಿಸುವಾಗ ಅದೊಂದನ್ನು ಮರೆತಿದ್ದೆ. ಖಂಡೆ ಪೂಜೆ ಎಂದರೆ ಆಯುಧ ಪೂಜೆ; ನಮ್ಮ ಕಡೆ ಅದಕ್ಕೆ ಕೂತ ಹತಾರವನ್ನು ಮರುದಿನ ಬನ್ನಿ ಮುಡಿಯುವವರೆಗೆ ಯಾರೂ ಮುಟ್ಟುವುದಿಲ್ಲ. ಬಡಿಗನ ಉಳಿ, ಕ್ಷೌರಿಕನ ಕತ್ತರಿ, ನಮ್ಮ ಟೈಪ್‌ರೈಟರು, ಎಲ್ಲಕ್ಕೂ ಅಂದು ವಿಶ್ರಾಂತಿ. ಗುಲಬರ್ಗಾದ ಇಂಟರ್‌ನೆಟ್ ಅಂಗಡಿಗಳಲ್ಲೂ ಇದೇ ಪದ್ಧತಿ. ಅಲ್ಲಿಗೆ ಹೋಗುವ ದಾರಿಯೂ ಮುಚ್ಚಿತೆಂದು ಆಗ ತಿಳಿಯಿತು. ಮಾಸ್ತರರು ನನ್ನ ಮುಖ ನೋಡಿ, “ಮಧ್ಯಾಹ್ನದ ತನಕ ಮಾಡ್ಕೊ ತಂಗಿ. ಪೂಜಿ ಹನ್ನೆರಡಕ್ಕ ಇಡೂಣು,” ಎಂದರು.

ಸೋಮವಾರ ಶಕೀಲಾ ಟೀಚರ್ ಮೊದಲ ಬಸ್ಸಿಗೇ ಬಂದರು. ಬರುವಾಗ ಪೂಜೆಗೆಂದು ಒಂದು ಚೀಲ ಚೆಂಡುಹೂ ತಂದಿದ್ದರು. ನಾನು ನೋಟುಬುಕ್ಕು ಎದುರಿಗಿಟ್ಟುಕೊಂಡು ಹನ್ನೊಂದು ಪ್ಲಗಿನ್ನನ್ನೂ ಬೇರೆ ಫೋಲ್ಡರಿಗೆ ಸರಿಸಿದೆ. ಎರಡೇ ನಿಮಿಷ ಹಿಡಿಯಿತು. ಆಮೇಲೆ ಫೋನ್ ತಾಗಲಿಕ್ಕೆ ಎರಡು ತಾಸು. ಹನ್ನೊಂದು ಗಂಟೆಗೆ ತಾಗಿತು. ಪುಟ ತೆರೆಯಿತು. ಬ್ರೌಸರ್ ಸಾಯಲಿಲ್ಲ!

ಹೆಸರುಗಳು ಮಾತ್ರ ಓದುವಂತಿರಲಿಲ್ಲ. ಕನ್ನಡ ಅಕ್ಷರ ತೋರಿಸುವ ಪ್ಲಗಿನ್ ನಮ್ಮ ಲಿನಕ್ಸಿಗೆ ಇರಲೇ ಇಲ್ಲ, ಹಾಗಾಗಿ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಂಕಿಗಳು ಮಾತ್ರ ಅಂಕಿಗಳಾಗಿಯೇ ಇದ್ದವು. “ನಂಬರ್ ನನಗ ಬಾಯಿಪಾಠ ಅದ್ರಿ,” ಎಂದು ಶಕೀಲಾ ಟೀಚರ್ ಕುರ್ಚಿ ಹತ್ತಿರ ಎಳೆದರು. ಪಟ್ಟಿ ಅಂಕಗಳ ಪ್ರಕಾರ ಇತ್ತು, ನಂಬರುಗಳು ಹಿಂದುಮುಂದು. ಒಂದೊಂದೇ ಸಾಲು ಕೆಳಗಿಳಿಯುತ್ತಿತ್ತು. ಇಬ್ಬರೂ ಬೆರಳಿಟ್ಟು ಓದುತ್ತ ಹೋದೆವು.

ಹನ್ನೆರಡಾಯಿತು. ಮಾಸ್ತರರು ಮಡಿಯುಟ್ಟು, ವಿಭೂತಿ ಧರಿಸಿ, ತೆಂಗಿನಕಾಯಿ ಹಿಡಿದು ಬಂದರು. ನಮ್ಮ ಬೆನ್ನು ಕಂಡು ಬೆಂಚಿನ ಮೇಲೆ ಕುಳಿತರು. ಉಪವಾಸವಿದ್ದರು, ಎಪ್ಪತ್ತು ದಾಟಿದ ಜೀವ. ಒಂದಾಯಿತು. ಅವರ ಕೈಯೊಳಗಿನ ಕಾಯಿ ಸಣ್ಣಗೆ ನಡುಗುತ್ತಿತ್ತು. ಅಷ್ಟರಲ್ಲಿ ಪುಟದ ಇಳಿಯುವಿಕೆ ನಿಂತಿತು. ಕೆಳಗಿನ ಮೂಲೆಯಲ್ಲಿ ‘ಡಾಕ್ಯುಮೆಂಟ್ ಡನ್’ ಎಂದು ಬಂತು. ಅಂದರೆ ಪೂರ್ತಿ ಆಯಿತು. ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದೆವು. ಅವರ ನಂಬರ್ ಇರಲಿಲ್ಲ.

ಕೊನೆಯ ಸಾಲಿನಲ್ಲಿ ನಂಬರ್ ಇತ್ತು, ಹೆಸರಿನ ಜಾಗ ಖಾಲಿ ಇತ್ತು. ಅದು ನನ್ನ ಕಣ್ಣಿಗೆ ಬಿತ್ತು. ಮೇಲಿನ ಸಾಲುಗಳಲ್ಲೆಲ್ಲ ಹುಳಕಲು ಅಕ್ಷರಗಳಾದರೂ ಇದ್ದವು, ಇಲ್ಲೇಕೆ ಏನೂ ಇಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಅಕ್ಷರವೇ ಬರದ ಮಷಿನ್ನು, ಒಂದು ಹೆಸರು ಪೂರ್ತಿ ನುಂಗಿರಬೇಕು ಎಂದುಕೊಂಡೆ. ಮೋಡೆಮ್ಮಿನ ದೀಪ ಆರಿದ್ದನ್ನೂ ಕಂಡೆ. “ಇನ್ನೊಮ್ಮೆ ಹಚ್ಚಿ ನೋಡೂಣೇನ್ರಿ?” ಎಂದು ಬಾಯಿಮಾತಿಗೆ ಕೇಳಿದೆ.

ಶಕೀಲಾ ಟೀಚರ್ ಮಾಸ್ತರರ ಕಡೆ ನೋಡಿದರು. “ಡನ್ ಅಂತ ಬಂತಲ್ರಿ ಅಕ್ಕಾ. ಸಾಕ್ರಿ. ಅಜ್ಜಾರು ಉಪವಾಸ ಕುಂತಾರ,” ಎಂದು ಎದ್ದು, ತಂದಿದ್ದ ಚೆಂಡುಹೂವನ್ನು ತಾವೇ ಪೋಣಿಸಲು ಕುಳಿತರು. ಕಣ್ಣಲ್ಲಿ ನೀರು ಬರಲಿಲ್ಲ. ಹೂವಿನ ತೊಟ್ಟಿನ ವಾಸನೆ, ಮಷಿನ್ ಎಣ್ಣೆಯ ವಾಸನೆ, ಊದುಬತ್ತಿ. ಕಂಪ್ಯೂಟರನ್ನು ಆರಿಸಿ, ಕುಂಕುಮ ಹಚ್ಚಿ, ಬಿಳಿ ಬಟ್ಟೆ ಹೊದಿಸಿದೆವು.

ಮಂಗಳವಾರ ದಿನವಿಡೀ ಆ ಖಾಲಿ ಜಾಗ ನನ್ನ ಕಣ್ಣ ಮುಂದೆ ಇತ್ತು. ಬೆಳಗ್ಗೆಯೇ ಮಾಸ್ತರರ ಮನೆಗೆ ಹೋಗಿ, ಸ್ವಲ್ಪ ಹೊತ್ತು ಬಟ್ಟೆ ತೆಗೆಯಲೇ ಎಂದು ಕೇಳಿದೆ. “ಬನ್ನಿ ಮುಡೀಲಾರದ ಹತಾರ ಮುಟ್ಟಬಾರದವಾ. ಸಂಜಿಗಿ ಮಾಡು,” ಎಂದರು. ಯಾಕೆ ಎಂದು ಅವರು ಕೇಳಲಿಲ್ಲ, ನಾನು ಬಿಡಿಸಿ ಹೇಳಲಿಲ್ಲ. ಹೇಳಿದ್ದರೆ ಅವರು ಖಂಡಿತ ಬಿಡುತ್ತಿದ್ದರು. ನಿನ್ನೆ ನೋಡಿದ್ದು ತಪ್ಪಿರಬಹುದು ಎಂದು ಒಪ್ಪಿಕೊಳ್ಳಲು ನನ್ನ ನಾಲಿಗೆ ಏಳಲಿಲ್ಲ, ಅಷ್ಟೆ.

ಸಂಜೆ ಊರೆಲ್ಲ ಬನ್ನಿ ಮುಡಿಯಲು ಹೊರಟಿತು. “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎಂದು ಕಂಡವರಿಗೆಲ್ಲ ಎಲೆ ಕೊಟ್ಟು, ಕಾಲು ಮುಟ್ಟಿ, ಎಲ್ಲರಿಗಿಂತ ಮೊದಲೇ ಇನ್‌ಸ್ಟಿಟ್ಯೂಟಿಗೆ ಬಂದೆ. ಮಳೆ ಇರಲಿಲ್ಲ, ಫೋನ್ ಮಾಡುವವರೂ ಇರಲಿಲ್ಲ. ಮೊದಲ ಸಲಕ್ಕೇ ತಾಗಿತು. ಪಟ್ಟಿ ಇಳಿಯಿತು. ಖಾಲಿ ಇದ್ದ ಸಾಲಿನಲ್ಲಿ ಈಗ ಹೆಸರಿನ ಜಾಗಕ್ಕೆ ಅದೇ ಹುಳಕಲು ಅಕ್ಷರಗಳು ಬಂದಿದ್ದವು. ಅದರ ಕೆಳಗೆ ಪಟ್ಟಿ ಇನ್ನೂ ಅಷ್ಟೇ ಉದ್ದ ಇತ್ತು. ಖಾಲಿ ಸಾಲಿನ ಕೆಳಗೆ ಮೂರನೆಯದು ಶಕೀಲಾ ಟೀಚರ್ ನಂಬರ್.

ಅರ್ಧಕ್ಕೆ ಫೋನ್ ಕಡಿದರೆ, ಬಂದಷ್ಟನ್ನೇ ಪೂರ್ತಿ ಎಂದು ತಿಳಿದು ಡನ್ ಎನ್ನುತ್ತದೆ ಆ ಬ್ರೌಸರು. ನೋಟುಬುಕ್ಕಿನ ನಾಲ್ಕು ಪುಟದಲ್ಲಿ ಅದೊಂದು ಇರಲಿಲ್ಲ. ಬನ್ನಿ ಕೊಡಲು ಬಂದ ಮಾಸ್ತರರಿಗೆ ತೋರಿಸಿದೆ. ಅವರು ಎಲೆ ಹಿಡಿದ ಕೈ ಹಾಗೇ ಇಟ್ಟುಕೊಂಡು ನಿಂತರು. “ನಾನೇ ತಡದೆನಲ್ಲೋ ಶಿವನೇ,” ಎಂದರು. “ಅಲ್ಲ ಅಜ್ಜಾರೇ, ನಾನು,” ಎಂದು ಅತ್ತುಬಿಟ್ಟೆ.

ಭೂಸನೂರಿನ ಕೊನೆಯ ಬಸ್ಸು ಆಗಲೇ ಹೋಗಿತ್ತು. ಅಲ್ಲಿದ್ದ ಒಂದೇ ಫೋನ್ ಬೂತು ಹಬ್ಬಕ್ಕೆ ಮುಚ್ಚಿತ್ತು. ಬೆಳಗ್ಗೆ ನಾನು ಹೋಗಿ ಅವರನ್ನು ಕರೆತರುವುದು, ಅಷ್ಟರಲ್ಲಿ ಮಾಸ್ತರರು ಅಧ್ಯಕ್ಷರ ಮನೆಗೆ ಹೋಗಿ ಸರ್ಟಿಫಿಕೇಟು ತೆಗೆಸಿಡುವುದು ಎಂದು ಮಾತಾಯಿತು. ಬುಧವಾರ ಮೊದಲ ಬಸ್ಸಿಗೆ ಹೋದೆ. ಮನೆಗೆ ಬೀಗ. “ನಿನ್ನೆ ತಾಯಿ ಮಗಳು ಅಫಜಲಪುರಕ್ಕ ಹೋದರವ್ವ, ಅಕ್ಕನ ಮನಿಗಿ. ಯಾವುದೋ ನೌಕರಿ ಆಗಲಿಲ್ಲಂತ, ಮನಸ್ಸಿಗಿ ಹಚ್ಕೊಂಡಾಳ ಪಾಪ,” ಎಂದಳು ಪಕ್ಕದ ಮನೆಯಾಕೆ. ಇಲ್ಲ ಎಂದು ನಾನು ಹೇಳಿದ್ದಕ್ಕೇ ಹೋಗಿದ್ದರು. ಅಲ್ಲಿಂದ ಅಫಜಲಪುರದ ಬಸ್ಸು ಹಿಡಿದೆ. ದಾರಿಯ ಎರಡೂ ಕಡೆ ತೊಗರಿ ಹೂಬಿಟ್ಟು ನಿಂತಿತ್ತು.

ಮನೆ ಹುಡುಕುವಷ್ಟರಲ್ಲಿ ಹನ್ನೊಂದು ಹೊಡೆದಿತ್ತು. ಶಕೀಲಾ ಟೀಚರ್ ಅಂಗಳದಲ್ಲಿ ಅಕ್ಕನ ಮಗಳಿಗೆ ಜಡೆ ಹಾಕುತ್ತಿದ್ದರು. ನಾನು ಹೇಳಿದ್ದು ಕೇಳಿ, “ಖರೇನಾ? ಖರೇನಾ ಅಕ್ಕಾ?” ಎಂದು ಎರಡು ಸಲ ಕೇಳಿ, ಇದ್ದ ಸೀರೆಯ ಮೇಲೆಯೇ ಬುರ್ಖಾ ಏರಿಸಿಕೊಂಡು ಹೊರಟರು. ಆಳಂದ ಮುಟ್ಟಿದಾಗ ಎರಡು ಗಂಟೆ.

ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿ ಮಾಸ್ತರರು ಬೆಳಗಿನಿಂದ ಕುಳಿತೇ ಇದ್ದರು. ಅಧ್ಯಕ್ಷರು ಊಟ ಮುಗಿಸಿ ಬಂದು ಸಾವಕಾಶವಾಗಿ ಹೇಳಿದರು: “ನಿಮಗ ನೌಕರಿ ಆದದ್ದು ಸಂತೋಷ ಟೀಚರ್. ಆದ್ರ ಪದ್ಧತಿ ಪದ್ಧತಿನೇ. ರಾಜೀನಾಮೆ ಬರದು ಕೊಡ್ರಿ, ತಿಜೋರಿ ತಗೀತೀನಿ.”

ಶಕೀಲಾ ಟೀಚರ್ ಪೆನ್ನು ಹಿಡಿದು ನನ್ನ ಮುಖ ನೋಡಿದರು. ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ. “ಬರೀರಿ ಟೀಚರ್, ಬರೀರಿ, ಬಸ್ ಹೋಗ್ತದ,” ಎಂದವಳು ನಾನೇ. ಅವರು ಮುತ್ತಿನಂಥ ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ಮೂರು ಗಂಟೆಯ ಬಸ್ಸಿಗೆ ಇಬ್ಬರೂ ಓಡಿ ಹತ್ತಿದೆವು.

ಅರ್ಧ ದಾರಿಯಲ್ಲಿ ಮಳೆ ಮತ್ತೆ ಸುರುವಾಯಿತು. ಒಂದು ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು. ಡ್ರೈವರು ಬಸ್ಸು ನಿಲ್ಲಿಸಿ ಬೀಡಿ ಹಚ್ಚಿ, “ಇಳೀಲಿ ತಡೀರಿ” ಎಂದ. ಮೊಣಕಾಲುದ್ದದ ಕೆಂಪು ನೀರು. ಇಬ್ಬರೂ ಕಿಟಕಿಯಿಂದ ಅದನ್ನೇ ನೋಡುತ್ತ ಕುಳಿತೆವು. ಮಾಡಲು ಏನೂ ಇರಲಿಲ್ಲ. ಮೂರು ದಿನ ಡಿಸ್ಕು ಗರಗರ ಎನ್ನುವುದನ್ನು ನೋಡುತ್ತ ಕುಳಿತಿದ್ದೆವಲ್ಲ, ಅದೇ ಬೆಂಚು, ಅದೇ ಇಬ್ಬರು ಎನ್ನಿಸಿತು. ಮುಕ್ಕಾಲು ತಾಸು ಕಳೆಯಿತು.

ಆಫೀಸು ತಲುಪಿದಾಗ ಐದೂವರೆ. ಜವಾನ ಬಾಗಿಲು ಹಾಕುತ್ತಿದ್ದ. ಸ್ಕೂಟರ್ ಹತ್ತುತ್ತಿದ್ದ ಗುಮಾಸ್ತರು ಇಳಿದು ಬಂದು ಕಾಗದಗಳನ್ನೆಲ್ಲ ನೋಡಿದರು. ಒಳ್ಳೆಯ ಮನುಷ್ಯ. “ಐದಕ್ಕ ರಿಜಿಸ್ಟರ್ ಸಹಿ ಆಗಿ ಬಂದ್ ಆತ್ರಿ ತಾಯಿ. ಬರಲಾರದವರ ಜಾಗಾ ಕೆಳಗಿನವರಿಗಿ ಹೋಗ್ತದ. ನನ್ನ ಕೈಯಾಗ ಏನೂ ಇಲ್ರಿ,” ಎಂದರು. ಶಕೀಲಾ ಟೀಚರ್ ಆಯಿತೆಂದು ತಲೆಯಾಡಿಸಿ, ಸರ್ಟಿಫಿಕೇಟುಗಳು ತೊಯ್ದಿವೆಯೇ ಎಂದು ಒಂದೊಂದೇ ಒರೆಸಿ ಚೀಲಕ್ಕೆ ಹಾಕಿದರು. ರಾಜೀನಾಮೆಯನ್ನು ಅಧ್ಯಕ್ಷರು ಹಿಂದಕ್ಕೆ ಕೊಡಲಿಲ್ಲ. ರಜೆ ಮುಗಿಯುವಷ್ಟರಲ್ಲಿ ಅವರ ತರಗತಿಗೆ ಬೇರೊಬ್ಬರು ಬಂದಿದ್ದರು.

ಅಂದು ಬಸ್ ನಿಲ್ದಾಣದಲ್ಲಿ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಡೆಯಲಾರದೆ ನಾನೇ ಹೇಳಿದೆ: “ಆ ಕಡೀ ಸಾಲಿನ್ಯಾಗ ಹೆಸರು ಖಾಲಿ ಇತ್ರಿ ಟೀಚರ್. ನಾ ನೋಡಿದ್ದೆ. ನೋಡಿನೂ ಸುಮ್ಮನಾದೆ.”

ಅವರು ನನ್ನ ಕೈ ಮೇಲೆ ಕೈಯಿಟ್ಟರು.

“ನನಗೂ ಕಂಡಿತ್ರಿ ಅಕ್ಕಾ. ಅಜ್ಜಾರ ಕೈಯಾಗಿನ ಟೆಂಗಿನಕಾಯಿ ನಡಗಾಕತ್ತಿತ್ತು. ಹ್ಯಾಂಗ್ ಹೇಳಲಿ ಅಂತ ಬಿಟ್ಟೆ.”

ಆಮೇಲೆ ಅವರು ತಾಯಿಯನ್ನು ಕರೆದುಕೊಂಡು ಅಫಜಲಪುರಕ್ಕೇ ಹೋಗಿ, ಅಕ್ಕನ ಮನೆಯ ಪಡಸಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಾರೆಂದು ಕೇಳಿದೆ. ನೋಡಲು ಹೋಗುವ ಮುಖ ನನಗಿರಲಿಲ್ಲ. ನಾನು ದೀಪಾವಳಿಗೆ ಮೊದಲು ಒಂದೊಂದೇ ಪ್ಲಗಿನ್ ಹಾಕಿ ನೋಡಿ ಕಳ್ಳನನ್ನು ಹಿಡಿದೆ. ಆ ಪುಟದ ಹಿಂದೆ ಯಾರೋ ಒಂದು ಹಾಡು ಇಟ್ಟಿದ್ದರು. ದನಿಯಿಲ್ಲದ ಮಷಿನ್ನಿನಲ್ಲಿ ಅದನ್ನು ನುಡಿಸಹೋಗಿ ಪ್ರತಿಸಲ ಸಾಯುತ್ತಿತ್ತು ನನ್ನ ಬ್ರೌಸರು. ಶುಕ್ರವಾರವೇ ತೆಗೆದಿದ್ದರೆ ಎದುರಿಗೆ ನಾಲ್ಕು ದಿನ ಇದ್ದವು.

“ಅಕ್ಕಾ, ಬಂತ್ರಿ ನಿಮ್ಮ ಪಹಣಿ. ಪ್ರಿಂಟ್ ಕೊಡ್ಲಿ?” ಎಂದು ಸುಮಂಗಲಾ ಕೇಳುತ್ತಿದ್ದಳು. ಹಿಂದೆ ನಾಲ್ಕು ಜನ ಪಾಳಿ ಹಚ್ಚಿ ನಿಂತಿದ್ದರು. ಒಬ್ಬ ಮುದುಕರು ಕೋಲಿಗೆ ಭಾರ ಬಿಟ್ಟು ನನ್ನನ್ನೇ ನೋಡುತ್ತಿದ್ದರು.

“ಸ್ವಲ್ಪ ತಡೀರಿ ಅಜ್ಜಾರೇ,” ಎಂದೆ ಅವರಿಗೆ. ಆಮೇಲೆ ಸುಮಂಗಲಾಳಿಗೆ, “ಇನ್ನೊಮ್ಮೆ ಮೊದಲಿಂದ ತಗಿಯವ್ವ. ಕಡೀ ಸಾಲಿನ ತನಕ ನೋಡ್ತೀನಿ.”